ಭೂತಗನ್ನಡಿ ಅಕ್ಕನ ಮೊದಲ ತಟ್ಟೆ

ಬೀದಿದೀಪಗಳು ಇನ್ನೂ ಆರಿಲ್ಲ. ಔಷಧಿ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳುವ ಆಕೆ ಮೊದಲು ಕೈ ತೊಳೆಯುತ್ತಾಳೆ. ಆಮೇಲೆ ಮಾತ್ರೆ ಎಣಿಸುವ ತಟ್ಟೆಯನ್ನು ಸೋಪುನೀರಿನಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ದಿನದ ಮೊದಲ ತಟ್ಟೆ ಗೋಧಿ ಮೈಗೆ ಒಗ್ಗದ ಗಿರಾಕಿಗಳಿಗೆ ಮೀಸಲು. ಬೇರೆ ಮಾತ್ರೆಗಳ ಪುಡಿ ಹತ್ತುವ ಮುಂಚೆಯೇ ಅವರ ಪೊಟ್ಟಣಗಳು ಸಿದ್ಧವಾಗಿರಬೇಕು. ಮಾಲೀಕರು ಇದನ್ನು 'ಅಕ್ಕನ ಕಾನೂನು' ಎಂದು ರೇಗಿಸುತ್ತಾರೆ, ಆದರೆ ಮೀರುವುದಿಲ್ಲ.

ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಗಿರಾಕಿಗಳ ಬಾಯಲ್ಲಿ ಆಕೆಯ ಹೆಸರೂ ಅದೇ, ಭೂತಗನ್ನಡಿ ಅಕ್ಕ. ಡಬ್ಬಿಯ ಮುಂದಿನ ಚಿತ್ರಕ್ಕೆ ಮರುಳಾಗದೆ, ಹಿಂದಿನ ಇರುವೆಸಾಲಿನಂಥ ಅಕ್ಷರಗಳನ್ನು ಓದುವುದು ಆಕೆಯ ಕೆಲಸ.

ಈ ಅಭ್ಯಾಸ ಹುಟ್ಟಿದ್ದು ಮನೆಯಲ್ಲಿ. ಜೊತೆಗಿರುವ ತಂಗಿ ಬಸ್ ಡ್ರೈವರ್. ಆಕೆಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಸಣ್ಣ ಕರುಳು ಹಾಳಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆಯಾಗಿ ತಲೆಸುತ್ತು ಬಂದಾಗ ಡಿಪೋದವರು ಸ್ಟೀರಿಂಗ್ ಬಿಡಿಸಿ, ಟಿಕೆಟ್ ಕೌಂಟರಿನಲ್ಲಿ ಕೂರಿಸಿದರು. ರಕ್ತ ಸುಧಾರಿಸಿದರೆ ಮಾತ್ರ ಮತ್ತೆ ಬಸ್ಸು ಎಂದರು. ತಂಗಿ ಅಂದು ಮನೆಗೆ ಬಂದು ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದಳಂತೆ.

ಅಕ್ಕ ಟೊಂಕ ಕಟ್ಟಿದಳು. ಬ್ರೆಡ್ಡು, ಬಿಸ್ಕತ್ತು ಮನೆ ಬಿಟ್ಟವು. ಗೋಧಿಹಿಟ್ಟು ಅಂಟಿದ್ದ ಹಳೆಯ ಜರಡಿಯೂ ಹೋಯಿತು. ಬೇಗ ಚೇತರಿಸಲಿ ಎಂದು ಅಂಗಡಿಯಿಂದಲೇ ಒಳ್ಳೆಯ ವಿಟಮಿನ್ ಡಬ್ಬಿ ತಂದು, ದಿನಾ ತಾನೇ ನಿಂತು ನುಂಗಿಸಿದಳು. ಆದರೂ ತಂಗಿಯ ಹೊಟ್ಟೆನೋವು ನಿಲ್ಲಲಿಲ್ಲ. ಕೊನೆಗೆ ಡಾಕ್ಟರಮ್ಮ, ಬಾಯಿಗೆ ಹಾಕುವುದೆಲ್ಲವನ್ನೂ ಹೊತ್ತು ತನ್ನಿ ಎಂದರು. ಮೇಜಿನ ಮೇಲೆ ಸುರಿದ ಸಾಮಾನಿನಲ್ಲಿ ಅವರು ಎತ್ತಿಕೊಂಡದ್ದು ಆ ಡಬ್ಬಿಯನ್ನೇ. ಮಾತ್ರೆ ಪುಡಿಯಾಗದಂತೆ ಹಿಡಿದಿಡಲು ಕಂಪನಿಯವರು ಗೋಧಿಯ ಪಿಷ್ಟ ಬೆರೆಸಿದ್ದರು.

"ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು," ಎನ್ನುತ್ತಾಳೆ ಅಕ್ಕ. "ಅಡುಗೆಮನೇಲಿ ಕಾಳುಕಾಳು ಹುಡುಕ್ದೆ. ಮಾತ್ರೆ ಮಾರೋಳು ನಾನೇ, ಡಬ್ಬಿ ತಿರುಗಿಸಿ ನೋಡ್ಲಿಲ್ಲ."

ಈಗ ತಿರುಗಿಸದೆ ಯಾವ ಡಬ್ಬಿಯೂ ಆಕೆಯ ಕೈ ದಾಟುವುದಿಲ್ಲ. ಗ್ಲುಟೆನ್ ಇಲ್ಲವೆಂದು ಬರೆದಿದ್ದರೆ ಸರಿ. ಬರೀ 'ಪಿಷ್ಟ' ಎಂದಿದ್ದರೆ, ಯಾವುದರ ಪಿಷ್ಟ ಎಂದು ಕಂಪನಿಗೆ ಫೋನ್ ಮಾಡುತ್ತಾಳೆ. ಉತ್ತರ ಬರುವವರೆಗೆ ಡಬ್ಬಿ ಬೀರುವಿನಲ್ಲೇ. ಹಳೇ ಗಿರಾಕಿಯ ಹಳೇ ಡಬ್ಬಿಯಾದರೂ ಬಿಡುವುದಿಲ್ಲ, ಕಂಪನಿಯವರು ಹೇಳದೆ ಕೇಳದೆ ಸಾಮಗ್ರಿ ಬದಲಿಸುತ್ತಾರೆ ಎನ್ನುವುದು ಆಕೆಯ ದೂರು. 'ಅಪ್ಪಟ ನೈಸರ್ಗಿಕ' ಎಂಬ ಮಾತು ಕಂಡರೆ ಮೂಗು ಮುರಿಯುತ್ತಾಳೆ: "ಗೋಧೀನೂ ನೈಸರ್ಗಿಕಾನೇ ಅಲ್ವಾ?"

ಮೊನ್ನೆ ಸಂಜೆ, ಆಕೆಯ ಬಗ್ಗೆ ಬರೆಯಲೆಂದು ಬಂದ ನಾನು ಅಂಗಡಿಯಲ್ಲಿ ನಿಂತಿದ್ದಾಗಲೇ ಒಬ್ಬ ಗಿರಾಕಿ, ಸುಸ್ತು, ಎಲ್ಲ ವಿಟಮಿನ್ನೂ ಇರುವ ಜೋರಾದದ್ದು ಕೊಡಿ ಎಂದರು. ಯಾವುದು ಕಡಿಮೆಯಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಬನ್ನಿ, ಕಬ್ಬಿಣದಂಥದ್ದು ಹೆಚ್ಚಾದರೂ ಕೇಡೇ ಎಂದು ಸಾಗಹಾಕಿದಳು. ಬಾಗಿಲಿಗೆ ಬಂದ ವ್ಯಾಪಾರ ಹೊರಟಿತಲ್ಲ ಎಂದು ಮಾಲೀಕರು ನಿಟ್ಟುಸಿರಿಟ್ಟರು. ನನಗಂತೂ ಆ ನಿಟ್ಟುಸಿರಿನಲ್ಲಿ ಹೆಮ್ಮೆಯೇ ಕೇಳಿಸಿತು.

ಡಬ್ಬಿ ಬದಲಾದ ಮೇಲೆ ತಂಗಿಯ ಹೊಟ್ಟೆನೋವು ನಿಧಾನವಾಗಿ ತಗ್ಗಿತು. ಕರುಳು ಒಂದೇ ದಿನಕ್ಕೆ ವಾಸಿಯಾಗುವುದಿಲ್ಲ, ತಿಂಗಳುಗಳೇ ಹಿಡಿದವು. ಕಳೆದ ವಾರ ರಕ್ತದ ವರದಿ ಸರಿಬಂದು, ಡಿಪೋದವರು ಬಸ್ಸು ವಾಪಸ್ ಕೊಟ್ಟಿದ್ದಾರೆ.

ಇಂದು ಆಕೆ ಮೊದಲ ತಟ್ಟೆಯ ಮಾತ್ರೆ ಎಣಿಸುತ್ತಿರುವಾಗಲೇ ಬೀದಿ ತಿರುವಿನಿಂದ ದಿನದ ಮೊದಲ ಬಸ್ಸು ಬರುತ್ತದೆ. ಅಂಗಡಿ ಮುಂದೆ ಒಂದೇ ಸಲ, ಸಣ್ಣಗೆ ಹಾರ್ನ್. ಅಕ್ಕ ತಲೆ ಎತ್ತುವುದಿಲ್ಲ. ತಟ್ಟೆಯಲ್ಲಿ ಎಣಿಕೆ ತಪ್ಪೀತು. ತುಟಿ ಮಾತ್ರ ಅರಳುತ್ತದೆ. ಪೊಟ್ಟಣ ಮಡಚಿ ಮುಗಿಸಿದ ಮೇಲೆ, ನಿಮಗೇನು ಆಸೆ ಎಂದು ಕೇಳುತ್ತೇನೆ.

"ಒಂದಿನ ರಜಾ ಹಾಕ್ಬೇಕು. ಅವಳ ಬಸ್ಸಲ್ಲಿ, ಅವಳ ಹಿಂದಿನ ಸೀಟಲ್ಲೇ ಕೂತು, ಕೊನೇ ಸ್ಟಾಪ್ ತನಕ ಹೋಗ್ಬೇಕು," ಎನ್ನುತ್ತಾಳೆ. "ಡ್ರೈವರಿನ ಅಕ್ಕ ಅಂತ ಬಿಟ್ಟಿ ಹೋಗಲ್ಲ. ಟಿಕೆಟ್ ತಗೊಂಡೇ ಹೋಗ್ತೀನಿ."