ರಾಮಾನುಜರಿಗೆ ಯಾರೂ ತಪ್ಪು ಹೇಳಲಿಲ್ಲ

ಎನ್.ಆರ್. ಕಾಲೋನಿಯ ರಾಮಾನುಜರು ಮೂವತ್ತು ವರ್ಷಗಳಿಂದ ಕಂಪ್ಯೂಟರ್ ಕೋಡ್ ಬರೆಯುತ್ತಿರುವ ಮಹಾರಥಿ. ಗಾಂಧಿ ಬಜಾರಿನ ಹೂವಿನಂಗಡಿಯ ಮೇಲಿನ ಮಹಡಿ ಅವರ ಕಚೇರಿ ಮತ್ತು ಕುರುಕ್ಷೇತ್ರ. ಅಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಪ್ಪು ತೋರಿಸಬೇಕು. ಅದಕ್ಕೆ ರಿವ್ಯೂ ಎನ್ನುತ್ತಾರೆ. ಒಂದೊಂದು ಕೆಲಸ ಮಾಡುವ ಕೋಡಿನ ತುಣುಕಿಗೆ ಫಂಕ್ಷನ್ ಎನ್ನುತ್ತಾರೆ. ಕಿರಿಯರ ಫಂಕ್ಷನ್ನಿಗೆ ಅಸ್ಪಷ್ಟ ಹೆಸರೊಂದು ಕಂಡಿತೋ, ರಾಮಾನುಜರು ಗದೆ ಎತ್ತಿದರೆಂದೇ ಅರ್ಥ.

"ಫಂಕ್ಷನ್ ಏನ್ ಮಾಡತ್ತೋ ಅದನ್ನ ಅದರ ಹೆಸರೇ ಹೇಳ್ಬೇಕು ಕಣಯ್ಯಾ. ಒಳಗೆ ಹೋಗಿ ಹುಡುಕೋ ಹಾಗಿರಬಾರ್ದು."

ಅವರ ಕೋಡು ಮಾತ್ರ, ಮೂರು ವರ್ಷದ ಹಿಂದೆ ಸೇರಿದ ಸಮರ್ಥನಿಂದ ಅರ್ಧ ನಿಮಿಷದಲ್ಲಿ "ಸೂಪರ್ ಸರ್" ಎಂಬ ಮುದ್ರೆಯೊಂದಿಗೆ ಮರಳುತ್ತಿತ್ತು. ಇದು ತಮ್ಮ ಪ್ರತಿಭೆಯೆಂದು ಅವರು ಮೂರು ವರ್ಷ ಸುಖವಾಗಿ ನಂಬಿದ್ದರು.

ಹಲ್ಲಿನ ಆಸ್ಪತ್ರೆಯೊಂದಕ್ಕಾಗಿ ಅವರು ಬರೆದ ಫಂಕ್ಷನ್ನಿನ ಹೆಸರು 'ಚೆಕ್ ಸ್ಲಾಟ್'. ಸಮಯ ಖಾಲಿ ಇದೆಯೇ ಎಂದು ನೋಡುವುದಲ್ಲದೆ, ಬರುವುದನ್ನು ಖಚಿತಪಡಿಸದ ರೋಗಿಗಳ ಹೆಸರನ್ನು ಅದು ಸದ್ದಿಲ್ಲದೆ ಅಳಿಸಿಯೂ ಹಾಕುತ್ತಿತ್ತು. ಹೊಸದಾಗಿ ಸೇರಿದ ತೇಜಶ್ರೀ, ಬರೀ ನೋಡುವ ಫಂಕ್ಷನ್ ಇರಬೇಕೆಂದು ಹೆಸರನ್ನು ನಂಬಿ ತನ್ನ ಕೋಡಿನಲ್ಲಿ ಬಳಸಿದಳು. ಸೋಮವಾರ ಬೆಳಿಗ್ಗೆ ಖಚಿತಪಡಿಸಲು ಮರೆತವರು, ಹಲ್ಲಿಗೊಬ್ಬರಂತೆ ಮೂವತ್ತೆರಡು ಜನ, ಕೆನ್ನೆ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಪಟ್ಟಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಬೈಗುಳವೆಲ್ಲ ತೇಜಶ್ರೀಯ ಪಾಲಾಯಿತು, ಅವಳು ಅತ್ತಳು.

ಆ ಕೋಡಿಗೆ ಒಪ್ಪಿಗೆ ಕೊಟ್ಟಿದ್ದ ಸಮರ್ಥನನ್ನು ರಾಮಾನುಜರು ಕರೆದರು.

"ಹೆಸರು ಸರಿ ಇಲ್ಲ ಅಂತ ನಿನಗೆ ಅನ್ನಿಸ್ಲಿಲ್ವೇನೋ?"

"ಅನ್ನಿಸ್ತು ಸರ್."

"ಮತ್ತೆ ಹೇಳಕ್ಕೇನಾಗಿತ್ತು ರೋಗ?"

"ನಮ್ಮಪ್ಪನಿಗಿಂತ ಎರಡು ವರ್ಷ ದೊಡ್ಡೋರು ನೀವು. ನಿಮಗೆ ಹೆಂಗ್ ಸರ್ ಹೇಳೋದು?"

"ಹೀಗೆ ಎಷ್ಟು ಸಲ ಸುಮ್ಮನಿದ್ದೆ?"

ಸಮರ್ಥ ಕಿಟಕಿಯಾಚೆ ಸೇವಂತಿಗೆ ರಾಶಿ ನೋಡಿದ. "ಸೇರಿದಾಗಿಂದ ಸರ್."

ಮೂರು ವರ್ಷದ ಸೂಪರ್‌ಗಳೆಲ್ಲ ಒಂದೇ ಏಟಿಗೆ ಉದುರಿಬಿದ್ದವು. ಯಾವುದು ನಿಜವಾಗಿಯೂ ಚೆನ್ನಾಗಿತ್ತು, ಯಾವುದು ಬರೀ ಮರ್ಯಾದೆ? ಇನ್ನು ಗೊತ್ತಾಗುವ ದಾರಿಯೇ ಇರಲಿಲ್ಲ. ರಾಮಾನುಜರು ಎಲ್ಲರನ್ನೂ ಸೇರಿಸಿ ಕೈಮುಗಿದರು. "ಇವತ್ತಿಂದ ನನ್ನ ತಪ್ಪು ಕಂಡ್ರೆ ಮುಖದ ಮೇಲೇ ಹೇಳ್ಬೇಕು. ನನಗೂ ಕಲಿಯೋ ಆಸೆ ಇದೆಯಪ್ಪಾ."

"ಖಂಡಿತ ಸರ್!" ಎಂದರು ಎಲ್ಲರೂ.

ಮಧ್ಯಾಹ್ನ ಅವರು ಪರೀಕ್ಷೆಗೆಂದೇ, ರೋಗಿಗಳಿಗೆ ಸಂದೇಶ ಕಳಿಸುವ ಫಂಕ್ಷನ್ನಿಗೆ 'ಕತ್ತೆಗೆ ಕೊಂಬು' ಎಂದು ಹೆಸರಿಟ್ಟು ರಿವ್ಯೂಗೆ ಕಳಿಸಿದರು. ಬೈಗುಳಕ್ಕಾಗಿ ಚಾತಕಪಕ್ಷಿಯಂತೆ ಕಾದರು.

ಅರ್ಧ ನಿಮಿಷವಾಯಿತು. "ಸೂಪರ್ ಸರ್." ಪಕ್ಕದಲ್ಲಿ ಮುಗಿದ ಕೈಗಳ ಚಿತ್ರ. ಕಳಿಸಿದವಳು ತೇಜಶ್ರೀ.

ರಾಮಾನುಜರು ಆ ಹೆಸರನ್ನು ತಾವೇ ಅಳಿಸಿ, ಕಂಪ್ಯೂಟರ್ ಆರಿಸಿ, ಮನೆಯ ಕಡೆ ನಡೆದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಅಲ್ಲಿಯವರೆಗೆ ಅವರು ಬರೆಯುವುದೆಲ್ಲ ಸರಿಯಾಗಿಯೇ ಇರುತ್ತದೆ.