ನಮ್ಮ ಮಹಡಿಯ ಹಕ್ಕಿರಾಯರು

ನಮ್ಮ ಮಹಡಿ ಮನೆಯ ಬಾಡಿಗೆದಾರರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಹಕ್ಕಿರಾಯರು. ಮಣ್ಣುಬಣ್ಣದ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ತಂಗಿಯ ಮದುವೆಗೂ ಅದನ್ನೇ ಹಾಕಿಕೊಂಡು ಹೋಗಿ ಬೈಸಿಕೊಂಡವರು. ಕ್ಯಾಮೆರಾದ ಮೊಳದುದ್ದದ ಲೆನ್ಸನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬೆಳಗಾಗುವ ಮುಂಚೆಯೇ ಹಕ್ಕಿಗಳ ಫೋಟೋ ತೆಗೆಯಲು ಕೆರೆಗೆ ಹೊರಡುತ್ತಾರೆ. ಅಲ್ಲಿ ಜೊಂಡಿನ ನಡುವೆ ಎಷ್ಟು ಅಲುಗಾಡದೆ ಕೂರುತ್ತಾರೆಂದರೆ, ಒಮ್ಮೆ ಮಿಂಚುಳ್ಳಿಯೊಂದು ಅವರ ಟೋಪಿಯ ಮೇಲೇ ಕುಳಿತು ಮೀನು ನುಂಗಿತಂತೆ. ಮನೆಯಲ್ಲೂ ಅದೇ ಅಭ್ಯಾಸ. ಹೆಜ್ಜೆಯ ಸಪ್ಪಳವಿಲ್ಲ, ಹಾಲಿನವನಿಗೂ ಗುಟ್ಟು ಹೇಳುವಂತೆ "ಅರ್ಧ ಲೀಟರ್ ಸಾಕಪ್ಪ" ಎಂದು ಪಿಸುಗುಡುತ್ತಾರೆ. ಹೆಂಡತಿ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದರು. ಆಕೆ ತೀರಿಕೊಂಡ ನಂತರ ಮಹಡಿಯಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎಂಬುದೇ ನಮಗೆ ತಿಳಿಯುವುದಿಲ್ಲ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕವರನ್ನು "ಇವತ್ತು ಯಾವ ಹಕ್ಕಿ ಸಿಕ್ತು ಸಾರ್?" ಎಂದು ಕೇಳಿದೆ. "ಒಂದು ಬೆಳ್ಳಕ್ಕಿ. ಗಂಡು ಕಡ್ಡಿ ತಂದು ಕೊಡತ್ತೆ, ಹೆಣ್ಣು ಗೂಡು ಕಟ್ಟತ್ತೆ. ಇವತ್ತು ಹೆಣ್ಣು ಇರ್ಲಿಲ್ಲ. ಇದು ಕಡ್ಡಿ ಕಚ್ಕೊಂಡು ಗೂಡಿನ ಅಂಚಲ್ಲೇ ನಿಂತಿತ್ತು," ಎಂದರು. "ಅಯ್ಯೋ, ಅಪರೂಪದ ಫೋಟೋ ಸಿಕ್ಕಿರ್ಬೇಕು!" ಎಂದೆ. "ತೆಗೀಲಿಲ್ಲಮ್ಮ. ಕ್ಯಾಮೆರಾ ಕೆಳಗಿಟ್ಬಿಟ್ಟೆ. ಅದು ಹಾರಿಹೋಗೋ ತನಕ ಸುಮ್ನೆ ಜೊತೆಗೆ ಕೂತಿದ್ದೆ."