ಎಡಗೈಯ ಸಾಲಿ

ದಾಕ್ಷಾಯಣಮ್ಮನ ಅಜ್ಜ ಸಿರುಗುಪ್ಪದಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು, ಆದರೆ ತೆಲುಗು ಬೋರ್ಡು ಓದಲಾಗದೆ ಬಳ್ಳಾರಿಯದೆಂದು ಆದೋನಿಯ ಬಸ್ಸು ಹತ್ತಿದ್ದರು. ಅಪ್ಪ ಹತ್ತಿಯ ಎಳೆ ಮುಟ್ಟಿ ದರ ಕಟ್ಟುತ್ತಿದ್ದರು, ಆದರೆ ತಬಲಾ ಕೇಳಿದರೆ ಗುಡುಗೆಂದು ಹತ್ತಿ ಮುಚ್ಚಲು ಓಡುತ್ತಿದ್ದರು. ಇಂಥ ಒಂದೇ ವಿದ್ಯೆಯ ಮನೆತನದಿಂದ ಕುರುಗೋಡಿಗೆ ಸೊಸೆಯಾಗಿ ಬಂದ ದಾಕ್ಷಾಯಣಮ್ಮ, ಮಕ್ಕಳ ಮದುವೆಗಳನ್ನು ಮುಗಿಸಿ ಎಪ್ಪತ್ತೆರಡನೇ ವಯಸ್ಸಿನಲ್ಲಿ ತಾವೇ ಪಿಯುಸಿ ಪರೀಕ್ಷೆಗೆ, ವರ್ಷಕ್ಕೊಂದು ವಿಷಯದಂತೆ, ಕಟ್ಟಿದರು. ಒಂದು ವಿಷಯ ಪಾಸಾದರೆ ಸುಮ್ಮನಾಗುವ ಹೆಂಗಸಲ್ಲ. ಚರಿತ್ರೆಯ ವರ್ಷ ಹೋರಿಗರುವಿಗೆ ಅಶೋಕನೆಂದು ಹೆಸರಿಟ್ಟರು. ಅದು ಕಂಡವರನ್ನೆಲ್ಲ ಹಾಯಲು ಬಂದರೆ, "ಇದಕ್ಕಿನ್ನಾ ಕಳಿಂಗ ಮುಗದಿಲ್ಲ ಬಿಡ್ರಿ" ಎಂದು ನಗುತ್ತಿದ್ದರು. ಅರ್ಥಶಾಸ್ತ್ರದ ವರ್ಷ ಬೇಡಿಕೆ-ಪೂರೈಕೆಯ ಲೆಕ್ಕ ಹಿಡಿದು ಇವರು ಮಾಡುವ ಚೌಕಾಸಿ ತಾಳದೆ ಕಾಯಿಪಲ್ಲೆ ಮಾರುವವಳು ಇವರ ಓಣಿಯನ್ನೇ ಬಿಟ್ಟಳು. "ಈ ವಯಸ್ಸಿನಾಗ ಇಷ್ಟೆಲ್ಲ ಯಾಕಬೇ?" ಎಂದು ಪಕ್ಕದ ಮನೆಯ ನಾನು ಕೇಳಿದರೆ, "ದಿನಾ ಒಂದ ಪಲ್ಯ ಹಾಕಿದ್ರ ಉಣ್ತೀಯೇನಪಾ ನೀನು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೊನೆಗೆ ಭೂಗೋಳವೊಂದು ಉಳಿದಿದ್ದಾಗ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಇನ್ನು ಓದು ಮುಗಿಯಿತೆಂದೇ ನಾವು ತಿಳಿದೆವು. ಎಡಗೈಯಲ್ಲಿ ಸರಸ್ವತಿಯನ್ನು ಮುಟ್ಟಬಾರದೆಂದು ಓಣಿಯವರು ಗೊಣಗುತ್ತಿರುವಾಗಲೇ, ದಾಕ್ಷಾಯಣಮ್ಮ ರೊಟ್ಟಿಗೆ ನಾದುವ ಅಗಲ ತಟ್ಟೆ ಪರಾತದಲ್ಲಿ ಜೋಳದ ಹಿಟ್ಟು ಹರವಿ, ಎಡಗೈ ಬೆರಳಿನಿಂದ ಮೊದಲು ಅ ಆ ತಿದ್ದಿ, ಆಮೇಲೆ ತುಂಗಭದ್ರೆಯನ್ನು ಸೊಟ್ಟಸೊಟ್ಟವಾಗಿ ಹರಿಸಿದರು. ಬಳ್ಳಾರಿಯ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಕನಿಕರದಿಂದ, "ಅಮ್ಮಾ, ನೀವು ಬಾಯಿಲೆ ಹೇಳ್ರಿ, ಬರಿಯಾಕ ಒಬ್ಬರನ್ನ ಕೊಡ್ತೀವಿ" ಎಂದರು. ದಾಕ್ಷಾಯಣಮ್ಮ ಎಡಗೈಯಲ್ಲಿ ಪೆನ್ನೆತ್ತಿದರು: "ಬ್ಯಾಡ್ರಿ ಸಾರ್. ಈ ಕೈನೂ ಸಾಲಿಗೆ ಹಚ್ಚೀನಿ, ಪರೀಕ್ಷಿ ಅದಾ ಬರೀಲಿ."